ಬರ ತಡೆಯುವ ಜೀನು ಒಂದಿದ್ದರೆ ಸಾಲದೆ?

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕು. ಮಳೆಯಾಶ್ರಯದ ಹೊಲದಲ್ಲಿ ರಾಗಿ, ಕಡಲೆಕಾಯಿ ಎರಡನ್ನೂ ಹಾಕುತ್ತೇವೆ. ಮೂರು ವಾರ ಮಳೆ ಕೈಕೊಟ್ಟರೆ ರಾಗಿ ಸುರುಟಿಕೊಂಡು ಸತ್ತಂತೆ ಕಾಣುತ್ತದೆ, ಒಂದು ಹದಮಳೆ ಬಿದ್ದರೆ ಎದ್ದು ನಿಲ್ಲುತ್ತದೆ. ಕಡಲೆಕಾಯಿ ಒಂದೊಂದು ವರ್ಷ ಹಾಗೆಯೇ ಚೇತರಿಸಿಕೊಳ್ಳುತ್ತದೆ. ಒಂದೊಂದು ವರ್ಷ ಗಿಡ ಹಸಿರಾಗಿದ್ದರೂ ಕಿತ್ತು ನೋಡಿದರೆ ಕಾಯಿ ಜೊಳ್ಳು. ಬರ ತಾಳುವುದಕ್ಕೆ 'ಜೀನ್ ಕುಟುಂಬಗಳು' ಕಾರಣ ಎಂದು ಮಗಳ ಕಾಲೇಜು ಪುಸ್ತಕದಲ್ಲಿದೆ. ಬರ ತಡೆಯುವ ಜೀನು ಒಂದಿದ್ದರೆ ಸಾಲದೆ, ಕುಟುಂಬ ಏಕೆ ಬೇಕು? ರಾಗಿಯಲ್ಲಿರುವ ಆ ಜೀನನ್ನು ಕಡಲೆಕಾಯಿಗೆ ಹಾಕಿಬಿಟ್ಟರೆ ಆಗದೆ? ಬಿತ್ತುವ ಮೊದಲು ರಾಗಿ ಬೀಜ ನೆನೆಸಿ ಒಣಗಿಸುತ್ತೇವಲ್ಲ, ಅದರಿಂದ ಜೀನು ಬದಲಾಗುತ್ತದೆಯೆ?

ಉತ್ತರ: ಮಳೆಯ ಒಂದೇ ಬಿಡುವಿನಲ್ಲಿ ಎರಡು ಪೈರು ಬೇರೆ ಬೇರೆಯಾಗಿ ನಡೆದುಕೊಳ್ಳುವುದನ್ನು ಗುರುತಿಸಿ ಕೇಳಿದ್ದೀರಿ. ಬೆಳೆಗಳ ಶರೀರಕ್ರಿಯೆ ಓದುವವರೂ ಶುರುಮಾಡುವುದು ಇಲ್ಲಿಂದಲೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ರಾಜ್ಯದ ಕೃಷಿ ಹವಾಮಾನ ವಲಯಗಳಲ್ಲಿ ಮಧ್ಯ ಒಣ ವಲಯಕ್ಕೆ ಸೇರಿವೆ. ಅಲ್ಲಿ ವರ್ಷದ ಮಳೆ ಸುಮಾರು 450ರಿಂದ 720 ಮಿ.ಮೀ. ಒಟ್ಟು ಮಳೆ ಕಡಿಮೆ ಎಂಬುದಕ್ಕಿಂತ ಎರಡು ಮಳೆಗಳ ನಡುವಿನ ಬಿಡುವು ಎಷ್ಟು ದಿನ, ಅದು ಪೈರಿನ ಯಾವ ವಯಸ್ಸಿನಲ್ಲಿ ಬಂತು ಎಂಬುದೇ ಹೆಚ್ಚು ಕಾಡುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಜೊಳ್ಳು ಕಾಯಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೊದಲು ಕುಟುಂಬದ ವಿಷಯ. ಗಿಡದ ಬೇರಿನಲ್ಲಾಗಲಿ ಎಲೆಯಲ್ಲಾಗಲಿ, ಪ್ರತಿ ಜೀವಕೋಶದಲ್ಲೂ ಆ ಗಿಡದ ಎಲ್ಲ ಜೀನುಗಳೂ ಇರುತ್ತವೆ. ಒಂದು ಜೀನು ಎಂದರೆ ಹೆಚ್ಚಾಗಿ ಒಂದು ಪ್ರೋಟೀನು ತಯಾರಿಸಲು ಬೇಕಾದ ಬರಹ. ಎಲ್ಲ ಬರಹಗಳೂ ಎಲ್ಲ ಹೊತ್ತಿನಲ್ಲೂ ಓದಲ್ಪಡುವುದಿಲ್ಲ. ಕೆಲವು ಬೇರಿನಲ್ಲಿ ಮಾತ್ರ, ಕೆಲವು ಬೀಜ ಬಲಿಯುವಾಗ ಮಾತ್ರ, ಕೆಲವು ನೀರು ಕಡಿಮೆಯಾದಾಗ ಮಾತ್ರ ಕೆಲಸಕ್ಕೆ ಇಳಿಯುತ್ತವೆ.

ಲಕ್ಷಾಂತರ ವರ್ಷಗಳಲ್ಲಿ ಈ ಬರಹಗಳು ನಕಲಾಗುವಾಗ ಆಗಾಗ ಒಂದು ಜೀನಿನ ಎರಡು ಪ್ರತಿಗಳು ಉಳಿದುಬಿಡುತ್ತವೆ. ಒಂದು ಪ್ರತಿ ಹಳೆಯ ಕೆಲಸ ಮಾಡುತ್ತಿದ್ದರೆ ಸಾಕು, ಇನ್ನೊಂದು ನಿಧಾನವಾಗಿ ಬದಲಾಗಲು ಬಿಡುವು ಸಿಗುತ್ತದೆ. ಮನೆಯಲ್ಲಿ ಎರಡು ಕುಡುಗೋಲಿದ್ದರೆ ಒಂದನ್ನು ಹುಲ್ಲು ಕೊಯ್ಯಲು ಇಟ್ಟುಕೊಂಡು, ಇನ್ನೊಂದನ್ನು ಉದ್ದನೆಯ ಗಳಕ್ಕೆ ಕಟ್ಟಿ ಮೇಕೆಗೆ ಸೊಪ್ಪು ಕೊಯ್ಯುವ ದೋಟಿ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಅಲಗು ಒಂದೇ ತರಹದ್ದು, ಕೆಲಸ ಬೇರೆಯಾಯಿತು. ಹೀಗೆ ಒಂದೇ ಮೂಲದಿಂದ ಕವಲೊಡೆದು, ರಚನೆಯಲ್ಲಿ ಹೋಲಿಕೆ ಉಳಿಸಿಕೊಂಡು, ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಜಾಗದಲ್ಲಿ ದುಡಿಯುವ ಜೀನುಗಳ ಗುಂಪನ್ನು ಜೀನ್ ಕುಟುಂಬ ಎನ್ನುತ್ತಾರೆ.

ಒಂದು ಉದಾಹರಣೆ ವಿವರವಾಗಿ ನೋಡೋಣ, ಏಕೆಂದರೆ ನಿಮ್ಮ 'ಒಂದಿದ್ದರೆ ಸಾಲದೆ' ಎಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಮಣ್ಣು ಒಣಗುತ್ತಾ ಬಂದಾಗ ಗಿಡದಲ್ಲಿ ಆಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಎಲೆಯ ಸೂಕ್ಷ್ಮ ಬಾಯಿಗಳನ್ನು, ಅಂದರೆ ಪತ್ರರಂಧ್ರಗಳನ್ನು ಮುಚ್ಚಿಸಿ ನೀರು ಆವಿಯಾಗುವುದನ್ನು ತಡೆಯುವುದು ಇದೇ. ಇದರ ತಯಾರಿಕೆಯಲ್ಲಿ ಒಂದು ಮುಖ್ಯ ಹಂತ ನಡೆಸುವ ಕಿಣ್ವಕ್ಕೆ ಎನ್‌ಸಿಇಡಿ ಎಂದು ಹೆಸರು. ಸಾಸಿವೆಯ ಬಂಧುವಾದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡವನ್ನು ವಿಜ್ಞಾನಿಗಳು ಬಹಳವಾಗಿ ಅಧ್ಯಯನ ಮಾಡಿದ್ದಾರೆ. 2000ದ ಕೊನೆಯಲ್ಲಿ ಅದರ ಪೂರ್ಣ ಜೀನ್ ಬರಹ ಹೊರಬಂತು, ಆಗ ಎಣಿಸಿದ ಜೀನುಗಳು ಸುಮಾರು 25,500. ಆ ಗಿಡದಲ್ಲಿ ಈ ಕಿಣ್ವಕ್ಕೆ ಸಂಬಂಧಿಸಿದ ಜೀನುಗಳು ಐದು. ಮೂರನೆಯ ನಂಬರಿನದು ನೀರು ಕಡಿಮೆಯಾದಾಗ ಎಲೆಯಲ್ಲಿ ಚುರುಕಾಗುತ್ತದೆ. ಆರು ಮತ್ತು ಒಂಬತ್ತನೆಯವು ಕೆಲಸ ಮಾಡುವುದು ಬಲಿಯುತ್ತಿರುವ ಬೀಜದಲ್ಲಿ. ಅಲ್ಲಿ ಅದೇ ಹಾರ್ಮೋನು ಬೀಜವನ್ನು ಮಲಗಿಸುತ್ತದೆ, ಗಿಡದ ಮೇಲಿರುವಾಗಲೇ ಮೊಳೆಯದಂತೆ ನೋಡಿಕೊಳ್ಳುತ್ತದೆ.

ಈಗ ಒಂದೇ ಜೀನು ಇದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಬರಕ್ಕೆಂದು ಅದನ್ನು ಚುರುಕು ಮಾಡಿದರೆ ಬೀಜದ ನಿದ್ರೆಯೂ ಬದಲಾಗಬೇಕು, ನಿದ್ರೆ ಸಡಿಲಿಸಿದರೆ ಬರದ ಎಚ್ಚರಿಕೆಯೂ ಸಡಿಲವಾಗಬೇಕು. ಕೆಲಸ ಹಂಚಿಕೊಂಡಿರುವುದರಿಂದ ಒಂದನ್ನು ಕೆಡಿಸದೆ ಇನ್ನೊಂದನ್ನು ನಡೆಸಬಹುದು. ಬೀಜದ ನಿದ್ರೆ ನಿಮ್ಮ ಕಡೆ ಸಣ್ಣ ವಿಷಯವೂ ಅಲ್ಲ. ಟಿಎಂವಿ-2, ಜೆಎಲ್-24ರಂಥ ಗೊಂಚಲು ಕಡಲೆಕಾಯಿ ತಳಿಗಳ ಬೀಜಕ್ಕೆ ನಿದ್ರೆ ಇಲ್ಲವೆನ್ನುವಷ್ಟು ಕಡಿಮೆ. ಕೀಳುವ ಹೊತ್ತಿಗೆ ಮಳೆ ಹಿಡಿದರೆ ಕಾಯಿ ಮಣ್ಣಿನೊಳಗೇ ಮೊಳೆತುಬಿಡುವುದು ಅದಕ್ಕೇ.

ಇನ್ನು ಮಳೆ ನಿಂತ ಮೇಲೆ ಗಿಡದೊಳಗೆ ಯಾವ ಕುಟುಂಬ ಯಾವಾಗ ಎದ್ದೇಳುತ್ತದೆ ಎಂಬುದನ್ನು ಹೊತ್ತಿನ ಕ್ರಮದಲ್ಲಿ ಹೇಳುತ್ತೇನೆ.

ಹಾರ್ಮೋನು ಬಂದಿದೆ ಎಂದು ತಿಳಿಯಲು ಜೀವಕೋಶದಲ್ಲಿ ಅದನ್ನು ಹಿಡಿಯುವ ಪ್ರೋಟೀನುಗಳು ಬೇಕು. 2009ರಲ್ಲಿ ಪತ್ತೆಯಾದ ಈ ಕುಟುಂಬಕ್ಕೆ ಅರಬಿಡಾಪ್ಸಿಸ್‌ನಲ್ಲಿ 14 ಸದಸ್ಯರು. ಸಾಮಾನ್ಯ ದಿನಗಳಲ್ಲಿ ಪಿಪಿ2ಸಿ ಎಂಬ ಇನ್ನೊಂದು ಕುಟುಂಬದ ಪ್ರೋಟೀನುಗಳು ಬರದ ಕೆಲಸವನ್ನೆಲ್ಲ ಅದುಮಿಟ್ಟಿರುತ್ತವೆ. ಹಾರ್ಮೋನು ಹಿಡಿದ ಪ್ರೋಟೀನು ಹೋಗಿ ಈ ಪಿಪಿ2ಸಿಯನ್ನು ತಡೆಯುತ್ತದೆ. ಆಗ ಅದುಮಿಟ್ಟಿದ್ದ ಮೂರನೆಯ ಕುಟುಂಬ ಬಿಡುಗಡೆಯಾಗುತ್ತದೆ. ಅದರ ಹೆಸರು ಎಸ್ಎನ್ಆರ್‌ಕೆ-2. ಇದರ ಒಬ್ಬ ಸದಸ್ಯ ಪತ್ರರಂಧ್ರದ ಕಾವಲು ಕೋಶಗಳ ಮೇಲೆ ನೇರವಾಗಿ ಕೆಲಸ ಮಾಡಿ ಕೆಲವೇ ನಿಮಿಷಗಳಲ್ಲಿ ಬಾಯಿ ಮುಚ್ಚಿಸುತ್ತದೆ. ಇಷ್ಟರವರೆಗೆ ಹೊಸ ಪ್ರೋಟೀನು ತಯಾರಾಗಬೇಕಾದ ಅಗತ್ಯವಿಲ್ಲ, ಇದ್ದವುಗಳೇ ಎಚ್ಚೆತ್ತಿವೆ.

ಮುಂದಿನದು ಗಂಟೆಗಳ ಕೆಲಸ. ಆಜ್ಞೆ ಕೊಡುವ ಪ್ರೋಟೀನುಗಳ ಕುಟುಂಬಗಳು ಈಗ ಮುಂದೆ ಬರುತ್ತವೆ. ಬಿಜಿಪ್, ನ್ಯಾಕ್, ಮಿಬ್, ಡ್ರೆಬ್ ಎಂದೆಲ್ಲ ಹೆಸರು. ಇವು ಸ್ವತಃ ನೀರು ಉಳಿಸುವುದಿಲ್ಲ. ಬೇರೆ ಜೀನುಗಳ ಮುಂಭಾಗದಲ್ಲಿರುವ ಒಂದು ಗುರುತನ್ನು ಹುಡುಕಿ ಅಲ್ಲಿ ಕೂತು ಆ ಜೀನನ್ನು ಕೆಲಸಕ್ಕೆ ಹಚ್ಚುತ್ತವೆ. ಡ್ರೆಬ್ ಕುಟುಂಬವನ್ನು ಜಪಾನಿನ ಯಾಮಾಗುಚಿ-ಶಿನೊಜಾಕಿ ಮತ್ತು ಶಿನೊಜಾಕಿ ಅವರ ತಂಡ 1990ರ ದಶಕದಲ್ಲಿ ಬಿಡಿಸಿ ತೋರಿಸಿತು. ಅದರಲ್ಲಿಯೂ ಹಂಚಿಕೆ ಇದೆ: ಒಂದನೆಯ ಕವಲು ಮುಖ್ಯವಾಗಿ ಚಳಿಗೆ, ಎರಡನೆಯದು ಒಣಹವೆ ಮತ್ತು ಬಿಸಿಗೆ. ಒಂದು ಆಜ್ಞೆಗೆ ಹತ್ತಾರು ಜೀನುಗಳು ಒಟ್ಟಿಗೆ ಏಳುವುದರಿಂದ ವಿಜ್ಞಾನಿಗಳಿಗೆ ಈ ಕುಟುಂಬಗಳ ಮೇಲೆ ಅಷ್ಟು ಆಸೆ.

ಕೊನೆಯಲ್ಲಿ ದುಡಿಯುವವು. ಬಿಸಿಯಲ್ಲಿ ಪ್ರೋಟೀನುಗಳು ಆಕಾರಗೆಟ್ಟು ಒಂದಕ್ಕೊಂದು ಅಂಟಿಕೊಳ್ಳದಂತೆ ಕಾಯುವವು ಉಷ್ಣಾಘಾತ ಪ್ರೋಟೀನುಗಳು. 1962ರಲ್ಲಿ ಇಟಲಿಯ ರಿಟೋಸ್ಸಾ ಎಂಬ ವಿಜ್ಞಾನಿ ಬಿಸಿ ತಗುಲಿದ ಹಣ್ಣುನೊಣದ ಕೋಶಗಳಲ್ಲಿ ವರ್ಣತಂತುವಿನ ಕೆಲವು ಭಾಗಗಳು ಉಬ್ಬುವುದನ್ನು ಕಂಡದ್ದು ಇವುಗಳ ಮೊದಲ ಸುಳಿವು. ನೊಣದಲ್ಲೂ ರಾಗಿಯಲ್ಲೂ ನಮ್ಮ ಮೈಯಲ್ಲೂ ಇರುವಷ್ಟು ಹಳೆಯ ಕುಟುಂಬಗಳಿವು. ಲಿಯಾ ಎಂಬ ಇನ್ನೊಂದು ಗುಂಪಿನ ಪ್ರೋಟೀನುಗಳನ್ನು ಮೊದಲು ಗುರುತಿಸಿದ್ದು ಹತ್ತಿಬೀಜದಲ್ಲಿ, 1981ರಲ್ಲಿ. ಬೀಜ ಪೂರ್ತಿ ಒಣಗಿದರೂ ಒಳಗಿನ ಜೀವ ಕೆಡದಂತೆ ನೋಡಿಕೊಳ್ಳುವ ಇವೇ ಬರದಲ್ಲಿ ಎಲೆ, ಬೇರುಗಳಲ್ಲೂ ಕಾಣಿಸಿಕೊಳ್ಳುತ್ತವೆ. ಜೀವಕೋಶದ ಪೊರೆಯಲ್ಲಿ ನೀರು ಹಾಯುವ ದಾರಿಗಳಾದ ಅಕ್ವಾಪೊರಿನ್‌ಗಳು ಅರಬಿಡಾಪ್ಸಿಸ್‌ನಲ್ಲಿ 35. ಬರದಲ್ಲಿ ಇವುಗಳಲ್ಲಿ ಕೆಲವು ಹೆಚ್ಚುತ್ತವೆ, ಕೆಲವು ಕಡಿಮೆಯಾಗುತ್ತವೆ.

ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆ ಬಂತು. 'ರಾಗಿಯಲ್ಲಿರುವ ಆ ಜೀನು' ಎಂದು ಬರೆದಿದ್ದೀರಿ. ಬಹಳ ಜನರಿಗೆ ಹೀಗೆಯೇ ಅನ್ನಿಸುತ್ತದೆ, ಅನ್ನಿಸುವುದು ಸಹಜ ಕೂಡ: ರಾಗಿ ತಾಳುತ್ತದೆ, ಕಡಲೆಕಾಯಿ ತಾಳುವುದಿಲ್ಲ, ಹಾಗಾದರೆ ಒಂದರಲ್ಲಿರುವುದು ಇನ್ನೊಂದರಲ್ಲಿ ಇರಲಿಕ್ಕಿಲ್ಲ ಎಂದು. ಆದರೆ ಮೇಲೆ ಹೇಳಿದ ಕುಟುಂಬಗಳೆಲ್ಲ ಎರಡರಲ್ಲೂ ಇವೆ. ಹುರುಳಿಯಲ್ಲಿಯೂ ಇವೆ, ಭತ್ತದಲ್ಲಿಯೂ ಇವೆ. ರಾಗಿ, ಕಡಲೆಕಾಯಿ ಎರಡೂ ಹಿಂದೊಮ್ಮೆ ಎರಡೆರಡು ಪೂರ್ವಜ ಗಿಡಗಳ ವರ್ಣತಂತುಗಳು ಒಂದುಗೂಡಿ ಆದ ಬೆಳೆಗಳು. ದಕ್ಷಿಣ ಅಮೆರಿಕದ ಎರಡು ಕಾಡು ಜಾತಿಗಳು ಸೇರಿ 40 ವರ್ಣತಂತುಗಳ ಕಡಲೆಕಾಯಿ ಆಯಿತು. ಆಫ್ರಿಕದಿಂದ ಬಂದ ರಾಗಿಗೆ 36 ವರ್ಣತಂತುಗಳು. ಹಾಗಾಗಿ ಪ್ರತಿ ಕುಟುಂಬವೂ ಎರಡು ಕಡೆಯಿಂದ ಬಂದು ಎರಡರಲ್ಲೂ ದೊಡ್ಡದಾಗಿಯೇ ಇದೆ.

ರಾಗಿಯ ಪೂರ್ಣ ಜೀನ್ ಬರಹವನ್ನು ಓದಿದವರು ನಮ್ಮವರೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ತಳಿಯನ್ನು ತೆಗೆದುಕೊಂಡು ಓದಿ 2017ರಲ್ಲಿ ಪ್ರಕಟಿಸಿತು. ಎಣಿಸಿದ ಜೀನುಗಳು 85,243. ನೀರು ಕೊಟ್ಟ ಗಿಡ, ನೀರು ತಪ್ಪಿಸಿದ ಗಿಡ ಎರಡನ್ನೂ ಹೋಲಿಸಿ, ಬರದಲ್ಲಿ ಯಾವ ಜೀನುಗಳು ಏಳುತ್ತವೆ ಎಂದೂ ನೋಡಿದರು. ಈ ತಳಿ ನಿಮಗೆ ದೂರದ್ದೇನಲ್ಲ. ಹವಾಮಾನ ವೈಪರೀತ್ಯಕ್ಕೆ ಹೊಂದುವ ಕೃಷಿಗಾಗಿ 2011ರಲ್ಲಿ ಕೇಂದ್ರ ಶುರುಮಾಡಿದ ನಿಕ್ರಾ ಯೋಜನೆಯಲ್ಲಿ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯನ್ನು ಆರಿಸಿಕೊಂಡಿದ್ದರು. ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಅಲ್ಲಿನ ಹೊಲಗಳಲ್ಲಿ ಬಿತ್ತಿಸಿದ ತಳಿಗಳಲ್ಲಿ ಎಂಎಲ್-365 ಕೂಡ ಒಂದು.

ಎರಡು ಬೆಳೆಗಳಲ್ಲೂ ಕುಟುಂಬಗಳು ಇದ್ದಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಯಾವ ಸದಸ್ಯ ಎಷ್ಟು ಬೇಗ ಏಳುತ್ತಾನೆ, ಎಷ್ಟು ಪ್ರಮಾಣದಲ್ಲಿ, ಯಾವ ಅಂಗದಲ್ಲಿ ಎಂಬುದರಿಂದ. ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ನಿದರ್ಶನವಿದೆ. ರಾಗಿ ಕಡಿಮೆ ನೀರಿನಲ್ಲಿ ಹೆಚ್ಚು ಆಹಾರ ತಯಾರಿಸಿಕೊಳ್ಳುವುದಕ್ಕೆ ಒಂದು ದೊಡ್ಡ ಕಾರಣ ಅದರ ಎಲೆಯ ವಿಶೇಷ ಏರ್ಪಾಡು. ಜೋಳ, ಮುಸುಕಿನ ಜೋಳ, ಸಜ್ಜೆಗಳಲ್ಲೂ ಅದು ಇದೆ, ಕಡಲೆಕಾಯಿಯಲ್ಲಿ ಇಲ್ಲ. ಆ ಏರ್ಪಾಡಿನಲ್ಲಿ ಇಂಗಾಲವನ್ನು ಮೊದಲು ಹಿಡಿಯುವ ಕಿಣ್ವಕ್ಕೆ ಪೆಪ್‌ಸಿ ಎಂದು ಹೆಸರು. ಈ ಕಿಣ್ವದ ಕುಟುಂಬ ಕಡಲೆಕಾಯಿಯಲ್ಲೂ ಇದೆ, ಆದರೆ ಬೇರೆ ಸಣ್ಣಪುಟ್ಟ ಕೆಲಸಗಳಲ್ಲಿದೆ. ರಾಗಿಯಂಥ ಹುಲ್ಲಿನ ಜಾತಿಗಳಲ್ಲಿ ಅದರ ಒಂದು ಪ್ರತಿ ಎಲೆಯಲ್ಲಿ ಭಾರಿ ಪ್ರಮಾಣದಲ್ಲಿ ದುಡಿಯುವಂತೆ ಬದಲಾಯಿತು. ರಾಗಿಗೆ ಹೊಸ ಜೀನೇನೂ ಮೇಲಿನಿಂದ ಬೀಳಲಿಲ್ಲ. ಇದ್ದ ಕುಟುಂಬದ ಒಬ್ಬ ಸದಸ್ಯನ ಕೆಲಸ ಬದಲಾಯಿತು, ಜೊತೆಗೆ ಎಲೆಯ ರಚನೆಯೂ ಹೊಂದಿಕೊಂಡಿತು. ಇಂಥದ್ದನ್ನು ಒಂದು ಜೀನು ದಾಟಿಸಿ ಇನ್ನೊಂದು ಗಿಡಕ್ಕೆ ಕೊಡಲಾಗುವುದಿಲ್ಲ.

ಆದರೂ ಜೀನು ಸೇರಿಸಿ ನೋಡುವ ಪ್ರಯತ್ನಗಳು ನಡೆದಿವೆ. ಹೈದರಾಬಾದಿನ ಹತ್ತಿರದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು ಅರಬಿಡಾಪ್ಸಿಸ್‌ನ ಡ್ರೆಬ್-1ಎ ಜೀನನ್ನು ಜೆಎಲ್-24 ಕಡಲೆಕಾಯಿಗೆ ಸೇರಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುಂಡದ ಪ್ರಯೋಗಗಳಲ್ಲಿ ಅಂಥ ಗಿಡಗಳಲ್ಲಿ ಹೆಚ್ಚಿನವು ಅಷ್ಟೇ ನೀರಿಗೆ ಹೆಚ್ಚು ಬೆಳೆದವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಟರಾಜ ಅವರ ತಂಡ ಒಂದರ ಬದಲು ಆಜ್ಞೆ ಕೊಡುವ ಮೂರು ಜೀನುಗಳನ್ನು ಒಟ್ಟಿಗೆ ಕಡಲೆಕಾಯಿಗೆ ಸೇರಿಸಿ, ಒಣಹವೆ ಮತ್ತು ಉಪ್ಪು ಎರಡನ್ನೂ ಗಿಡ ಹೆಚ್ಚು ತಾಳಿತೆಂದು 2014ರಲ್ಲಿ ವರದಿ ಮಾಡಿತು. ಒಂದು ಸಾಲದು ಎಂಬುದು ಅವರ ಪ್ರಯೋಗದ ಹಿಂದಿದ್ದ ಯೋಚನೆ, ನಿಮ್ಮ ಪ್ರಶ್ನೆಗೂ ಅದೇ ಉತ್ತರ. ಇವು ಪ್ರಯೋಗಾಲಯದ ಕೆಲಸಗಳು. ಭಾರತದಲ್ಲಿ ರೈತರು ಇಂದು ವಾಣಿಜ್ಯವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿ ಮಾತ್ರ. ಆದ್ದರಿಂದ 'ಬರದ ಜೀನು ಹಾಕಿದ ಕಡಲೆಕಾಯಿ ಬೀಜ' ಎಂದು ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಡ್ರೆಬ್-1ಎ ಪ್ರಯೋಗಗಳು ಕಲಿಸಿದ ಇನ್ನೊಂದು ಸಂಗತಿ ಬಹಳ ಮುಖ್ಯ. ಈ ಜೀನನ್ನು ಸದಾ ಚುರುಕಾಗಿಟ್ಟರೆ ಗಿಡ ಕುಳ್ಳಾಗುತ್ತದೆ. ಮಳೆ ಚೆನ್ನಾಗಿರುವ ವಾರದಲ್ಲೂ ಬಾಯಿ ಮುಚ್ಚಿ, ರಕ್ಷಣೆಯ ಪ್ರೋಟೀನು ತಯಾರಿಸುತ್ತಾ ಕುಳಿತರೆ ಬೆಳೆಯುವುದು ಯಾವಾಗ? ಅದಕ್ಕೇ ಜಪಾನಿನವರೂ ಇಕ್ರಿಸ್ಯಾಟ್‌ನವರೂ ನೀರು ಕಡಿಮೆಯಾದಂಥ ಕಷ್ಟದಲ್ಲಿ ಮಾತ್ರ ಏಳುವ ಇನ್ನೊಂದು ಜೀನಿನ ಮುಂಭಾಗವನ್ನು ಇದಕ್ಕೆ ಜೋಡಿಸಿದರು. ಕುಟುಂಬದಲ್ಲಿ ಎಲ್ಲ ಸದಸ್ಯರೂ ಬರ ತಾಳಲು ನೆರವಾಗುವವರೇ ಎಂದೂ ತಿಳಿಯಬಾರದು. ಭತ್ತದಲ್ಲಿ ಡಿಎಸ್‌ಟಿ ಎಂಬ ಜೀನು ಪತ್ರರಂಧ್ರಗಳನ್ನು ತೆರೆದಿಡುವ ಕಡೆಗೆ ಎಳೆಯುತ್ತದೆ. ಅದನ್ನು ಎಂಟಿಯು-1010 ತಳಿಯಲ್ಲಿ ತಿದ್ದಿ ಕೆಲಸ ನಿಲ್ಲಿಸಿದ 'ಪೂಸಾ ಡಿಎಸ್‌ಟಿ ರೈಸ್ 1' ತಳಿಯನ್ನು ಕೇಂದ್ರ ಕೃಷಿ ಸಚಿವರು 2025ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಅಲ್ಲಿ ಸೇರಿಸಿದ್ದೇನೂ ಇಲ್ಲ, ಒಂದನ್ನು ಸುಮ್ಮನಿರಿಸಿದ್ದು.

ಈಗ ಜೊಳ್ಳು ಕಾಯಿ. ಇಲ್ಲಿ ಬರ ಬಂದ ಹೊತ್ತು ಎಲ್ಲಕ್ಕಿಂತ ಮುಖ್ಯ. ಕಡಲೆಕಾಯಿ ಹೂ ಬಿಡುವ ಮೊದಲು ಮೂರು ವಾರ ಒಣಹವೆ ಬಂದರೆ ಅಷ್ಟು ನಷ್ಟವಿಲ್ಲ. ಮಳೆ ಬಂದೊಡನೆ ಹೂಗಳು ಒಟ್ಟಿಗೆ ಬಿಟ್ಟು ಇಳುವರಿ ಹೆಚ್ಚಿದ್ದೂ ಇಕ್ರಿಸ್ಯಾಟ್ ಪ್ರಯೋಗಗಳಲ್ಲಿ ಕಂಡಿದೆ. ಅದೇ ಒಣಹವೆ ಹೂವಿನ ಬುಡದ ಮೊನೆ ಮಣ್ಣಿಗಿಳಿದು ಕಾಯಿ ತುಂಬುವಾಗ ಬಂದರೆ ಕೆಡುಕು ದೊಡ್ಡದು. ಮೇಲ್ಮಣ್ಣು ಗಟ್ಟಿಯಾಗಿದ್ದರೆ ಮೊನೆ ಇಳಿಯುವುದೇ ಕಷ್ಟ. ಇಳಿದ ಮೇಲೂ ಒಂದು ತೊಡಕಿದೆ. ಕಾಯಿ ಬಲಿಯಲು ಬೇಕಾದ ಸುಣ್ಣದ ಅಂಶ ಎಲೆಯಿಂದ ಕೆಳಗಿಳಿದು ಬರುವುದಿಲ್ಲ, ಕಾಯಿಯೇ ತನ್ನ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಬೇಕು. ಹೀರಲು ಅಲ್ಲಿ ತೇವ ಬೇಕು. ಬೇರು ಆಳದಲ್ಲಿ ನೀರು ಹುಡುಕಿಕೊಂಡು ಗಿಡವನ್ನು ಹಸಿರಾಗಿಟ್ಟಿರಬಹುದು, ಎಲೆಯಲ್ಲಿ ಎಲ್ಲ ಕುಟುಂಬಗಳೂ ಸರಿಯಾಗಿ ದುಡಿದಿರಬಹುದು, ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿದ್ದರೆ ಕಾಯಿ ಜೊಳ್ಳಾಗುತ್ತದೆ. ನೀವು ಕಂಡದ್ದು ಹೆಚ್ಚಾಗಿ ಇದೇ ಇರಬೇಕು. ಹೂ ಬಿಡುವ ಹೊತ್ತಿಗೆ ಜಿಪ್ಸಂ ಹಾಕಿ ಮಣ್ಣು ಏರಿಸಲು ಹೇಳುವುದು ಈ ಕಾರಣಕ್ಕೆ. ತಳಿಯೂ ಮುಖ್ಯವೇ. ಟಿಎಂವಿ-2 ಹೊರಬಂದದ್ದು 1940ರಲ್ಲಿ. ಆಂಧ್ರದ ಕದಿರಿ ಸಂಶೋಧನಾ ಕೇಂದ್ರದಿಂದ ಬಂದ ಕದಿರಿ-6, ಕದಿರಿ ಲೇಪಾಕ್ಷಿ ತಳಿಗಳು ನಿಮ್ಮಂಥದೇ ಮಳೆ, ನಿಮ್ಮಂಥದೇ ಕೆಂಪು ಮಣ್ಣಿನಲ್ಲಿ ಆರಿಸಿದವು. ಹೊಲದಲ್ಲಿ ಚೆನ್ನಾಗಿ ನಿಂತ ಗಿಡವನ್ನು ವರ್ಷ ವರ್ಷ ಆರಿಸುವಾಗ ತಳಿ ತಜ್ಞರು, ತಮಗೆ ಹೆಸರು ಗೊತ್ತಿದ್ದರೂ ಇಲ್ಲದಿದ್ದರೂ, ಈ ಕುಟುಂಬಗಳ ಒಳ್ಳೆಯ ಸದಸ್ಯರನ್ನೇ ಒಟ್ಟುಗೂಡಿಸುತ್ತಿರುತ್ತಾರೆ. ಬರಪ್ರದೇಶಕ್ಕೆ ಇಂದಿಗೂ ಹೆಚ್ಚು ಕೊಟ್ಟಿರುವುದು ಆ ದಾರಿ ಎಂದೇ ನನ್ನ ಅಭಿಪ್ರಾಯ.

ಕೊನೆಯದು ನೆನೆಸಿ ಒಣಗಿಸಿದ ರಾಗಿ. ಒಂದು ಕೆ.ಜಿ. ಬೀಜಕ್ಕೆ ಒಂದು ಲೀಟರಿನಂತೆ ನೀರಿನಲ್ಲಿ 6 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯ ಚೀಲದಲ್ಲಿ ಎರಡು ದಿನ ಕಟ್ಟಿಟ್ಟು, ಮೊಳಕೆಯ ಮೊದಲ ಗುರುತು ಕಂಡೊಡನೆ ನೆರಳಿನಲ್ಲಿ ಎರಡು ದಿನ ಒಣಗಿಸಿ ಬಿತ್ತುವುದು ಶಿಫಾರಸಾದ ಕ್ರಮ. ಇದರಿಂದ ಜೀನಿನ ಬರಹ ಬದಲಾಗುವುದಿಲ್ಲ. ಬದಲಾಗುವುದು ಅದು ಓದಲ್ಪಡುವ ರೀತಿ. ಮೊಳಕೆಯ ಕೆಲಸ ಶುರುವಾಗಿ ನಿಂತಿರುವುದರಿಂದ ಹದ ಸಿಕ್ಕಾಗ ಬೀಜ ಬೇಗ ಏಳುತ್ತದೆ, ಒಮ್ಮೆ ಒಣಗುವ ಅನುಭವ ಆಗಿರುವುದರಿಂದ ಲಿಯಾದಂಥ ರಕ್ಷಕ ಪ್ರೋಟೀನುಗಳ ತಯಾರಿಯೂ ಸ್ವಲ್ಪ ಮುಂದಿರುತ್ತದೆ. ಜಿಕೆವಿಕೆಯ ಬೆಳೆ ಶರೀರಕ್ರಿಯಾ ವಿಭಾಗದವರು ಸೂರ್ಯಕಾಂತಿ ಮೊದಲಾದ ಬೆಳೆಗಳ ಎಳೆ ಸಸಿಗಳಿಗೆ ಮೊದಲು ಹದವಾದ ಬಿಸಿ ತೋರಿಸಿ ಆಮೇಲೆ ಕೊಲ್ಲುವಷ್ಟು ಬಿಸಿಗೆ ಒಡ್ಡಿ ನೋಡಿದ್ದಾರೆ. ಮೊದಲೇ ಬಿಸಿ ಕಂಡ ಸಸಿಗಳು ಹೆಚ್ಚು ಬದುಕಿದವು, ಉಷ್ಣಾಘಾತ ಪ್ರೋಟೀನುಗಳು ಅಷ್ಟರಲ್ಲಿ ಎದ್ದಿದ್ದವು. ತಳಿಗಳ ನಡುವಿನ ನಿಜವಾದ ವ್ಯತ್ಯಾಸ ಹೀಗೆ ಸಿದ್ಧಗೊಳಿಸಿದ ಮೇಲೆಯೇ ಕಾಣುತ್ತದೆ ಎಂದು ಅವರು ಇದನ್ನು ತಳಿ ಆರಿಸುವ ವಿಧಾನವಾಗಿಯೂ ಬಳಸುತ್ತಾರೆ.

ಈ ಸಿದ್ಧತೆ ಆ ಬೀಜಕ್ಕೆ, ಆ ಪೈರಿಗೆ. ಈ ವರ್ಷ ನೆನೆಸಿ ಬಿತ್ತಿದ ರಾಗಿಯ ತೆನೆಯಿಂದ ಬೀಜ ಇಟ್ಟುಕೊಂಡರೂ ಮುಂದಿನ ಮುಂಗಾರಿಗೆ ಮತ್ತೆ ನೆನೆಸಿಯೇ ಬಿತ್ತಬೇಕು. ಇನ್ನು ಒಣಹವೆಯಲ್ಲಿ ನಿಮ್ಮ ರಾಗಿ ಎಷ್ಟರಮಟ್ಟಿಗೆ ತಾಳುತ್ತಿದೆ ಎಂದು ತಿಳಿಯಬೇಕಾದರೆ ಮಧ್ಯಾಹ್ನ ನೋಡಬೇಡಿ, ಆಗ ಸುರುಟಿಕೊಳ್ಳುವುದು ಅದು ನೀರು ಉಳಿಸುವ ಬಗೆ. ಬೆಳಗಿನ ಜಾವ ನೋಡಿ. ಗರಿ ಬಿಚ್ಚಿಕೊಂಡಿದ್ದರೆ ರಾತ್ರಿ ಬೇರಿಗೆ ನೀರು ಸಿಕ್ಕಿದೆ. ಬೆಳಗ್ಗೆಯೂ ಸುರುಟಿಕೊಂಡೇ ಇದ್ದರೆ, ಕೃಷಿಹೊಂಡದಲ್ಲಿ ಒಂದಿಷ್ಟು ನೀರಿದ್ದಲ್ಲಿ, ಕೊಡಬೇಕಾದ ದಿನ ಅದು.